ನಮ್ಮ ಮೈದುನನ ಕ್ರ್ಯಾಬ್ ಆಪಲ್

ನಮ್ಮ ಮೈದುನನನ್ನು ನೀವು ಕಣ್ಣು ಮುಚ್ಚಿ ನಂಬಬಹುದು, ಅವನ ಕೈಯಲ್ಲಿ ಹಣ್ಣಿದ್ದಾಗ ಮಾತ್ರ ಬೇಡ! ಅಂಗಿಯ ಕಿಸೆ ಉಬ್ಬಿಸಿಕೊಂಡು ಅವನು ಬಂದನೆಂದರೆ ನಾನು ಮೊದಲು ನೀರಿನ ತಂಬಿಗೆ ಹತ್ತಿರ ಎಳೆದುಕೊಳ್ಳುತ್ತೇನೆ. ಒಮ್ಮೆ ಅವನು ಕೊಟ್ಟದ್ದನ್ನು ಕಚ್ಚಿ ತುಟಿ ಊದಿ ಎರಡು ದಿನ ಮಾತೇ ಹೊರಡಲಿಲ್ಲ. ಆ ಎರಡು ದಿನ ಮನೆಯಲ್ಲಿ ಬಹಳ ಪೀಸ್ ಇತ್ತೆಂದು ನಮ್ಮ ಯಜಮಾನರು ಬನಹಟ್ಟಿಯ ತುಂಬ ಹೇಳಿಕೊಂಡು ಬಂದರು.

ತಪ್ಪು ನನ್ನದೇ ಅನ್ನಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದ ನಾನು ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಇನ್ನೂ ಮೀಸೆ ಚಿಗುರುತ್ತಿತ್ತು. ನಮ್ಮ ಇಂಗ್ಲಿಷ್ ರೀಡರ್‌ನಲ್ಲಿ ಒಬ್ಬ ಮುದುಕಿ ಕಾಡಿನಿಂದ ಕ್ರ್ಯಾಬ್ ಆಪಲ್ ಎಂಬ ಪುಟ್ಟ ಕಾಡುಸೇಬು ಆರಿಸಿ ತಂದು ಮನೆಯಲ್ಲೇ ವೈನ್ ಮಾಡುತ್ತಿದ್ದಳು. ಅದನ್ನೊಮ್ಮೆ ರುಚಿ ನೋಡಬೇಕೆಂಬುದು ನನ್ನ ಲೈಫಿನ ಆ್ಯಂಬಿಷನ್ ಎಂದು ಅವನೆದುರು ಬಾಯಿ ಬಿಟ್ಟೆ. ಕಳ್ಳನ ಗುರುತು ಕೇಳುವ ಪೊಲೀಸನಂತೆ ಶುರು ಮಾಡಿದ. ಗಾತ್ರ ಎಷ್ಟು? ಬಣ್ಣ ಯಾವುದು? ಗಿಡಕ್ಕೆ ಮುಳ್ಳಿದೆಯೇ? ನಾನೆಲ್ಲಿ ನೋಡಿದ್ದೆ! ಪುಸ್ತಕದ ಚಿತ್ರ ಬ್ಲ್ಯಾಕ್ ಅಂಡ್ ವೈಟ್. ಆದರೂ ಕಾನ್ವೆಂಟಿನ ಮಾನ ಉಳಿಯಬೇಕಲ್ಲ? ದೊಡ್ಡ ಗೋಲಿಯಷ್ಟು, ಕೆಂಪು, ಬಹಳ ಹುಳಿ, ಮುಳ್ಳೂ ಇದೆ ಎಂದುಬಿಟ್ಟೆ. ಮಾರಲ್ ಸೈನ್ಸ್‌ನಲ್ಲಿ ನನಗೆ ಫಸ್ಟ್ ಪ್ರೈಜ್ ಬಂದಿತ್ತು!

ಅಂದಿನಿಂದ ಜಮಖಂಡಿಯ ಗುಡ್ಡವನ್ನಾಗಲಿ ಬೀಳಗಿ ಕಡೆಯ ಹೊಲದ ಬದುಗಳನ್ನಾಗಲಿ ಅವನು ಬಿಡಲಿಲ್ಲ. ಕವಳಿಹಣ್ಣು ತಂದ, ಬಾರಿಹಣ್ಣು, ಅದೇ ಎಲಚಿ, ತಂದ, ಹೆಸರೇ ಇಲ್ಲದವನ್ನೂ ತಂದ. ಪ್ರತಿ ಸಲವೂ ಒಂದೇ ಪ್ರಶ್ನೆ, “ವೈನಿ, ಇದು ಅದ ಏನ್ರಿ?” ನನ್ನ ಉತ್ತರವೂ ಒಂದೇ, ಅಲ್ಲ. ಸ್ವತಃ ನೋಡಿರದ ಹಣ್ಣನ್ನು ಅಲ್ಲ ಎನ್ನಲು ಎಷ್ಟು ಕಾನ್ಫಿಡೆನ್ಸ್ ಬೇಕು, ಯೋಚಿಸಿ!

ತುಟಿ ಊದಿದ ಮೇಲೆ ಅವನಿಗೂ ಹಣ್ಣುಗಳ ಮೇಲೆ ಸಂಶಯ ಹುಟ್ಟಿತು. ಇರುವೆ ಮುತ್ತಿದೆಯೇ, ಗಿಳಿ ಕುಕ್ಕಿದೆಯೇ ಎಂದು ತಪಾಸಣೆ ಮಾಡಿ, ಕೊನೆಗೆ ಗುಡ್ಡದಲ್ಲಿ ಆಡು ಮೇಯಿಸುವವನ ಹಿಂಡಿಗೆ ತಿನ್ನಿಸಿ ನೋಡುತ್ತಿದ್ದ. ಆಡು ತಿಂದರೆ ಅತ್ತಿಗೆಯಾದ ನನಗೂ ಸೇಫ್ ಎಂಬ ಲೆಕ್ಕ. ಆ ಕುರುಬ ಒಂದು ದಿನ ತಡೆಯಲಾರದೆ ಹೇಳಿದನಂತೆ, “ಸಾವಕಾರ್ರ, ಇವನ್ನ ನಂಬಬ್ಯಾಡ್ರಿ. ಹ್ವಾದ ವಾರ ನನ್ನ ಕಂಬಳಿ ತಿಂದಾವು.”

ನಗುವಿನಲ್ಲೇ ವರ್ಷಗಳು ಕಳೆದವು. ಅವನ ಹೆಂಡತಿ ತೀರಿಕೊಂಡಳು. ಪವರ್‌ಲೂಮ್‌ಗಳನ್ನು ಮಗನಿಗೆ ಒಪ್ಪಿಸಿ, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇರತೊಡಗಿದ. ಮಗ್ಗದ ಖಟಖಟ ಕೇಳದಿದ್ದರೆ ಉಂಡ ಅನ್ನ ಇಳಿಯದ ಮನುಷ್ಯ. ಕಳೆದ ಚಳಿಗಾಲದಲ್ಲಿ ಆ ಕೋಣೆಯಿಂದ ಹುಳಿಹುಳಿ ವಾಸನೆ ಬರುತ್ತಿದೆ ಎಂಬ ಸುದ್ದಿ ಹಬ್ಬಿ, ಮುಧೋಳದಲ್ಲಿರುವ ಅವನ ಮಗಳಿಗೂ ಮುಟ್ಟಿತು. ಅವಳು ನನಗೆ ಫೋನ್ ಮಾಡಿದಳು.

“ದೊಡ್ಡವ್ವ, ಅಪ್ಪ ಕುಡಿಯಾಕತ್ತಾನಂತ. ನೀವು ಹೋಗಿ ನೋಡಿ ಹೇಳ್ರಿ. ಖರೆ ಇದ್ರ ರವಿವಾರ ಬಂದು ಕರಕೊಂಡ ಹೋಗ್ತೀನಿ.”

ಕೋಣೆಯಲ್ಲಿ ನೂಲಿನ ಗಂಟುಗಳನ್ನು ಇಡುವುದೆಂದು ಅವನ ಮಗ, ಮಗಳು ಆಗಲೇ ಡಿಸೈಡ್ ಮಾಡಿದ್ದರು. ಮುಧೋಳದ ಆ ಸದ್ದಿಲ್ಲದ ಮನೆಯಲ್ಲಿ ಇವನು ಎಷ್ಟು ದಿನ ಬಾಳಿಯಾನು? ಆದರೆ ನಿಜಕ್ಕೂ ಕುಡಿಯುತ್ತಿದ್ದರೆ? ನನಗೂ ಸಂಶಯ ಬಂತು. ಆಗೀಗ ನನ್ನನ್ನು ಕಂಡರೆ ಬಾಗಿಲು ಎಳೆದುಕೊಳ್ಳುತ್ತಿದ್ದ. ಮುಧೋಳದ ಬೆಲ್ಲದ ಪೆಂಟಿಯೊಂದನ್ನು ಪಂಚೆಯಲ್ಲಿ ಮುಚ್ಚಿಕೊಂಡು ಒಳಗೆ ಹೋದದ್ದನ್ನು ನಾನೇ ನೋಡಿದ್ದೆ. ಒಂಟಿ ಗಂಡಸಿಗೆ ಅಷ್ಟು ಬೆಲ್ಲ ಯಾಕೆ?

ಶನಿವಾರ ಅವನು ಸಂತೆಗೆ ಹೋದಾಗ ಡಿಟೆಕ್ಟಿವ್ ಥರ ಒಳಹೊಕ್ಕೆ. ಮಂಚದ ಕೆಳಗೆ ಒಂದು ಭರಣಿ. ಬಾಯಿಗೆ ಬಿಳಿ ಅರಿವೆ, ಅದರ ಮೇಲೆ ನೂಲಿನ ದಾರ. ಬಿಚ್ಚಿ ಮೂಸಿದೆ. ಬಾರಿಹಣ್ಣು, ಬೆಲ್ಲ, ಮತ್ತು ಮೂಗಿಗೆ ಜುಮ್ಮೆನ್ನಿಸುವ ಇನ್ನೊಂದೇನೋ. ಸುದ್ದಿ ನಿಜ! ಗಡಬಡಿಸಿ ದಾರ ಕಟ್ಟಿ ಮನೆಗೆ ಬಂದೆ. ನೇಕಾರರ ಸೊಸೆ ನಾನು, ಮಗ್ಗದ ಗಂಟು ಹಾಕಲು ಬರುವುದಿಲ್ಲವೇ? ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ರವಿವಾರ ಮಗಳು ಬಂದಳು. ನಾನೂ ಹೋದೆ. ಅವನು ತಾನಾಗಿಯೇ ಭರಣಿಯನ್ನು ಎಳೆದು ನಡುವೆ ಇಟ್ಟ. ದಾರದ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಕಡೆ ನೋಡಿದ.

“ವೈನಿ, ಇದು ನಮ್ಮಣ್ಣನ ಗಂಟು.”

ನಮ್ಮ ಯಜಮಾನರು ಎಡಚರು. ಕಡಿದ ಎಳೆಗೆ ಗಂಟು ಹಾಕುವುದನ್ನು ನನಗೆ ಕಲಿಸಿದವರು ಅವರೇ, ಹಾಗಾಗಿ ನನ್ನ ಗಂಟೂ ಉಲ್ಟಾ ಬೀಳುತ್ತದೆ. ಅವರು ಹೋಗಿ ಆರು ವರ್ಷವಾಯಿತು. ಈ ಊರಲ್ಲಿ ಆ ಗಂಟು ಹಾಕುವವಳು ನಾನೊಬ್ಬಳೇ ಉಳಿದಿದ್ದೇನೆ. ನಾಚಿಕೆಯಿಂದ ನೆಲ ನೋಡಿದೆ. ಅವನಿಗೆ ಸಿಟ್ಟೇ ಇರಲಿಲ್ಲ.

“ಮೊಬೈಲ್‌ನ್ಯಾಗ ನೋಡೀನ್ರಿ,” ಎಂದ ಮೆತ್ತಗೆ. “ನಿಮ್ಮ ಕ್ರ್ಯಾಬ್ ಆಪಲ್ ಅಡ್ಡ ಕೊಯ್ದ್ರ ನಡುವ ಆಕಾಶದ ಚುಕ್ಕಿಹಂಗ ಕಾಣಬೇಕಂತ, ಐದು ಮೂಲಿದು. ಬಾರಿಯೊಳಗ ಬರೇ ಬೀಜ. ಆ ಗಿಡ ನಮ್ಮ ಸೀಮ್ಯಾಗ ಇಲ್ಲಂತ. ನಿಮಗೂ ವಯಸ್ಸಾತು, ನನಗೂ ಆತು. ಅದಕ್ಕ ಬಾರಿಹಣ್ಣಿನಾಗ ನಿಮ್ಮ ವೈನ್ ಮಾಡಿದೆ. ಹಣ್ಣು ಬ್ಯಾರೆ ಅಂತ ಬೈಬ್ಯಾಡ್ರಿ.”

ಮಗಳು ಸೊಂಟದ ಮೇಲೆ ಕೈಯಿಟ್ಟು ಇದೇನು, ಯಾರು ಕುಡಿಯುವುದಕ್ಕೆ ಎಂದು ಕೇಳಿದಳು. ನಾನು ಒಂದು ಲೋಟಕ್ಕೆ ಎರಡು ಗುಟುಕು ಬಗ್ಗಿಸಿಕೊಂಡು ಕುಡಿದೆ. ಹುಳಿ, ಒಗರು, ಕೊನೆಗೆ ಬೆಲ್ಲ. ತುಟಿ ಊದಲಿಲ್ಲ.

“ನಾನಽ ಹೇಳಿ ಮಾಡಿಸೀನಿ,” ಎಂದೆ. ಈ ಸಲ ಮಾರಲ್ ಸೈನ್ಸ್‌ನ ಫಸ್ಟ್ ಪ್ರೈಜಿಗೆ ಧಕ್ಕೆಯಿಲ್ಲದ ಸತ್ಯ. ಆರ್ಡರ್ ಕೊಟ್ಟು ಐವತ್ತು ವರ್ಷವಾಗಿತ್ತು, ಅಷ್ಟೇ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ದೊಡ್ಡವ್ವ, ಅಂದ್ರ ನೀವು ಕುಡೀತೀರೇನು?”

ಅವಳು ಒಬ್ಬಳೇ ಮುಧೋಳಕ್ಕೆ ಹೋದಳು. ಈಗ ಸಂಶಯವೆಲ್ಲ ನನ್ನ ಮೇಲೆ. ಅವಳ ಫೋನ್ ದಿನಾ ಬರುತ್ತದೆ, ನನ್ನ ನಾಲಿಗೆ ತೊದಲುತ್ತದೆಯೇ ಎಂದು ಕೇಳಿಸಿಕೊಳ್ಳಲು! ಇರಲಿ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅವನ ಮಂಚ ಹಾಗೇ ಇದೆ.

ಆ ದಿನ ನಾನು ಲೋಟಕ್ಕೆ ಬಗ್ಗಿಸಿಕೊಳ್ಳುವ ಮೊದಲು ಭರಣಿಯ ಬಾಯಿ ತೆರೆದವನು ಅವನೇ. ಗಂಟನ್ನು ಬಿಚ್ಚಲಿಲ್ಲ. ದಾರವನ್ನು ಮೆಲ್ಲಗೆ ಮೇಲಕ್ಕೆ ಜಾರಿಸಿ, ಗಂಟಿದ್ದ ಹಾಗೇ ಮಡಚಿ, ಅಷ್ಟು ವರ್ಷ ನನಗಾಗಿ ಹಣ್ಣು ತುಂಬಿ ತರುತ್ತಿದ್ದ ಆ ಕಿಸೆಯೊಳಗೆ ಇಟ್ಟುಕೊಂಡ.