ನನ್ನ ಕುದುರೆಯ ಐಬು

ದೇವರು ನಮ್ಮನ್ನು ಸೃಷ್ಟಿಸುವ ಮುಂಚೆ ಅರ್ಜಿ ತುಂಬಿಸಿಕೊಳ್ಳುವುದಿಲ್ಲ. ತುಂಬಿಸಿಕೊಂಡಿದ್ದರೆ ಯಾವ ಕಾಲಮ್ಮಿನಲ್ಲಿ ಏನು ಬರೆಯುತ್ತಿದ್ದೆ ಎಂಬ ಕುತೂಹಲ ನನಗೆ ಹಿಂದೆಂದೂ ಹುಟ್ಟಿರಲಿಲ್ಲ. ಅದನ್ನು ಹುಟ್ಟಿಸಿದವಳು ಪಿಯುಸಿ ಓದುವ ಮಗಳು ನೇತ್ರಾ. ಸಂಕ್ರಾಂತಿಯ ರಜೆಗೆ ಅವಳೊಂದು ಆಟ ತಂದಳು. ಅದಕ್ಕೆ ಹಾಸಿಲ್ಲ, ಕಾಯಿಗಳಿಲ್ಲ. ಆಡುವವರೆಲ್ಲ ಒಂದೊಂದು ಪುಟ್ಟ ಕುದುರೆಯನ್ನು ಕಾಗದದ ಮೇಲೆ ಸೃಷ್ಟಿಸಬೇಕು. ಒಬ್ಬರು ಕಥೆ ಹೇಳುತ್ತಾರೆ, ಕುದುರೆಗಳು ಕಥೆಯೊಳಗೆ ನಡೆಯುತ್ತವೆ, ಅಡ್ಡಿ ಬಂದಲ್ಲಿ ದಾಳ ಉರುಳಿಸಬೇಕು. ಮೂರು ಜಾತಿಯ ಕುದುರೆಗಳು: ಕೊಂಬಿನಿಂದ ಮಾಟ ಮಾಡುವುದು, ರೆಕ್ಕೆಯಿಂದ ಹಾರುವುದು, ಎರಡೂ ಇಲ್ಲದೆ ಬರೀ ಗಟ್ಟಿಮುಟ್ಟಾಗಿರುವುದು.

ನಾನು ರೆಕ್ಕೆಯದನ್ನು ಆರಿಸಿಕೊಂಡೆ. ನನ್ನ ಅವ್ವ ಸಾವಳಗಿಯ ಕುರಿಗಾರರ ಮನೆತನದವಳು. ಹಿಂಡಿನ ಹಿಂದೆ ಸಂಸಾರವನ್ನೆಲ್ಲ ಹೊತ್ತು ನಡೆಯುವ ತಟ್ಟು ಕುದುರೆಗಳ ನಡುವೆ ಬೆಳೆದವಳು. ಅವಳಿಗೆ ನನ್ನ ಆಯ್ಕೆ ಸರಿಬರಲಿಲ್ಲ. "ರೆಕ್ಕಿ ಇದ್ದದ್ದು ಮೇಯಾಕ ಬಿಟ್ರ ತಿರಗಿ ಮನಿಗೆ ಬರತೈತೇನೋ ತಮ್ಮಾ?" ಎಂದು ಕೇಳಿ, ತಾನು ಗಟ್ಟಿಮುಟ್ಟಾದದ್ದನ್ನೇ ಹಿಡಿದಳು. ಆಮೇಲೆ ಅದರ ಹಲ್ಲು ಎಷ್ಟು, ಸುಳಿ ಎಲ್ಲಿದೆ ಎಂದು ವಿಚಾರಿಸಿದಳು. ಪ್ರತಿ ಕುದುರೆಯ ತೊಡೆಯ ಮೇಲೂ ಅದರ ವಿಶೇಷ ಗುಣ ಹೇಳುವ ಗುರುತೊಂದು ಇರುತ್ತದೆ ಎಂದು ನೇತ್ರಾ ಹೇಳಿದ ಮೇಲೆಯೇ ಅವಳಿಗೆ ಸಮಾಧಾನವಾಯಿತು. ಸುಳಿಯಿಲ್ಲದ ಕುದುರೆಯನ್ನು ಅವಳು ಕಾಗದದ ಮೇಲೂ ಕಟ್ಟಿಕೊಳ್ಳುತ್ತಿರಲಿಲ್ಲ.

ನನ್ನ ಕುದುರೆಯ ತೊಡೆಯ ಮೇಲೆ ನೇತ್ರಾ, ನನ್ನನ್ನು ಕೇಳದೆಯೇ, ಒಂದು ಕಲ್ಲು ಬರೆದಳು. ವಿಶೇಷ ಗುಣದ ಮುಂದೆ 'ಧೈರ್ಯ' ಎಂದು ಬರೆದಳು. ನನ್ನ ಕಿವಿ ಬಿಸಿಯಾದವು.

ಕಲ್ಲಿನ ಸಂಗತಿ ಇಷ್ಟು. ಜಮಖಂಡಿಯ ಹೊರಗೆ ನಾನು ಪಾಠ ಮಾಡುವ ಕಾಲೇಜಿಗೆ ಹೋಗಲು ಬೀಳಗಿ ಬಸ್ಸಿಗೆ ಕಾಯುವ ಏರಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಕಬ್ಬಿನ ಟ್ರ್ಯಾಕ್ಟರು ಜೋಡಿ ಟ್ರೇಲರ್ ಎಳೆಯಲಾರದೆ ಹಿಂದಕ್ಕೆ ಸರಿದರೆ ಚಕ್ರಕ್ಕೆ ಅಡ್ಡ ಇಡಲಿಕ್ಕೆಂದೇ ಅದನ್ನು ಅಲ್ಲಿ ಬಿಟ್ಟಿರುತ್ತಾರೆ. ಉಳಿದ ಹೊತ್ತು ಅದು ನನ್ನ ಆಸನ. ಸುಗ್ಗಿಯ ಒಂದು ಬೆಳಿಗ್ಗೆ ನನ್ನ ಕಣ್ಣೆದುರೇ ಟ್ರೇಲರ್ ಹಿಂದಕ್ಕೆ ಉರುಳತೊಡಗಿತು. ಅದರ ಬೆನ್ನಿಗೆ ಶಾಲೆಯ ಹುಡುಗಿಯರು ತುಂಬಿದ್ದ ಆಟೋ. "ಸರ, ಏಳ್ರಿ, ಕಲ್ಲ ಕೊಡ್ರಿ" ಎಂದು ಡ್ರೈವರ್ ಕೂಗಿದ. ನನಗೆ ಕೇಳಿಸಿತು, ಅರ್ಥವೂ ಆಯಿತು. ಏಳಲು ಮಾತ್ರ ಆಗಲಿಲ್ಲ. ಮೇವಿಗೆ ಕಬ್ಬಿನ ತುದಿ ಹೊತ್ತು ಬರುತ್ತಿದ್ದ ಹೆಣ್ಣುಮಗಳೊಬ್ಬಳು ಹೊರೆ ಒಗೆದು, ನನ್ನನ್ನು ಅದರ ಮೇಲೆ ದಬ್ಬಿ, ಕಲ್ಲನ್ನು ಚಕ್ರದಡಿ ಒತ್ತಿದಳು. ಆಟೋಕ್ಕೂ ಟ್ರೇಲರಿಗೂ ನಾಲ್ಕು ಬೆರಳಿನ ಅಂತರ ಉಳಿದಿತ್ತು. ನನ್ನನ್ನು ಹೊರೆಯ ಮೇಲಿಂದ ಎಬ್ಬಿಸಿ, ಅದನ್ನೆತ್ತಿಕೊಂಡು ಅವಳು ಹೋಗಿಯೇ ಬಿಟ್ಟಳು. ಈಗಲೂ ಸ್ನಾನಕ್ಕೆ ಕೂತಾಗ, ಪಾಠದ ನಡುವೆ, ಆ ಚಕ್ರ ಹಿಂದಕ್ಕೆ ಬರುತ್ತದೆ. ಹುಡುಗಿಯರ ಕೆಂಪು ರಿಬ್ಬನ್ನುಗಳನ್ನೂ ಎಣಿಸಬಲ್ಲೆ.

ಮನೆಗೆ ಬಂದು, ನಾನೇ ಕಲ್ಲಿಟ್ಟು ತಡೆದೆ ಎಂದು ಹೇಳಿದ್ದೆ.

ಧೈರ್ಯಕ್ಕೆ ನಾಲ್ಕು ಮುಖದ ದಾಳ ಸಿಕ್ಕಿತು. ಹೊಸ ಕುದುರೆಗೆ ಅಷ್ಟೇ ಅಂತೆ. ಕೊನೆಯ ಕಾಲಮ್ಮು ಐಬಿನದು. ಒಂದಾದರೂ ಐಬು ಬರೆಯದೆ ಆಟ ಶುರುವಾಗುವಂತಿಲ್ಲ. ಅವ್ವ ಹೌಹಾರಿದಳು. "ಐಬ ಬರದ್ರ ಅದನ್ನ ಯಾರ ಕೊಳ್ತಾರ ಬೇ?"

"ಇದು ಮಾರೂ ಕುದರಿ ಅಲ್ಲ ಆಯಿ" ಎಂದಳು ನೇತ್ರಾ.

ನಾನು ಮೊದಲು 'ಸ್ವಲ್ಪ ಮರೆವು' ಎಂದು ಬರೆದೆ. ಕಲ್ಲಿನ ಚಿತ್ರ ನನ್ನನ್ನೇ ನೋಡುತ್ತಿತ್ತು. ಅದನ್ನು ಹೊಡೆದುಹಾಕಿ 'ಹೆದರಿದರೆ ಕೂತಲ್ಲೇ ಕೂತಿರುತ್ತದೆ' ಎಂದು ಬರೆದು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಮಗಳು ರಬ್ಬರ್ ಎತ್ತಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಎತ್ತಿಕೊಳ್ಳಲಿಲ್ಲ. "ಆ ಹೆಣ್ಣಮಗಳ ಹೆಸರ ಕೇಳಿಯೇನು ಅಪ್ಪಾ?" ಎಂದಳು.

ಕೇಳಿರಲಿಲ್ಲ. ಸುಳ್ಳಿಗಿಂತ ಇದು ಹೆಚ್ಚು ಚುಚ್ಚಿತು.

ಆಟದಲ್ಲಿ ಮುರಿದ ಸೇತುವೆಯೊಂದು ಬಂತು. ಮೂರು ಬಿದ್ದರೆ ನನ್ನ ಕುದುರೆ ಜಿಗಿಯುತ್ತಿತ್ತು. ಒಂದು ಬಿತ್ತು. ರೆಕ್ಕೆ ಇದ್ದೂ ನಿಂತೇ ಇದ್ದ ಅದನ್ನು ಅವ್ವನ ಕುದುರೆ ಜುಟ್ಟು ಹಿಡಿದು ದಾಟಿಸಿತು. ಆದರೂ ಕೊನೆಗೆ, ಕಥೆ ಹೇಳುತ್ತಿದ್ದ ನೇತ್ರಾ ಎಲ್ಲರನ್ನೂ ಎರಡನೆಯ ಹಂತಕ್ಕೇರಿಸಿ, ನನ್ನ ಧೈರ್ಯಕ್ಕೆ ಆರು ಮುಖದ ದಾಳ ಕೊಟ್ಟಳು. ಏನೂ ಮಾಡದವನಿಗೆ ಬಡ್ತಿ ಹೇಗೆ ಎಂದು ಕೇಳಿದೆ. ಕಾಲೇಜಿನಲ್ಲಿ ಇಂಥ ಪ್ರಶ್ನೆಯನ್ನು ನಾನು ಎಂದೂ ಕೇಳಿದವನಲ್ಲ.

"ಸೋತದ್ದೂ ಅನುಭವನ ಅಪ್ಪಾ. ದಾಳ ದೊಡ್ಡದಾಗತೈತಿ, ಅಷ್ಟ. ಛಲೋ ಬೀಳತೈತಿ ಅಂತ ಗ್ಯಾರಂಟಿ ಇಲ್ಲ."

ಅಂದಿನಿಂದ ನಾನು ಆ ಕಲ್ಲಿನ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತೇನೆ. ನಿನ್ನೆ ಟ್ರ್ಯಾಕ್ಟರೊಂದು ಏರಿನ ನಡುವೆ ನರಳಿತು. ಕಲ್ಲನ್ನು ಎದೆಗವಚಿಕೊಂಡು ಹಿಂದೆಯೇ ಓಡಿದೆ. ಅದು ಹಿಂದಕ್ಕೆ ಒಂದು ಗೇಣೂ ಸರಿಯದೆ ಏರು ಹತ್ತಿ ಹೋಯಿತು. ಎದುರಿಗೆ ಹೊರೆ ಹೊತ್ತು ಅದೇ ಹೆಣ್ಣುಮಗಳು ನಿಂತಿದ್ದಳು.

"ಸರ, ಕಲ್ಲ ಎಲ್ಲಿಗಿ ಒಯ್ಯಾಕತ್ತೀರಿ?"

ನಾನು ಏದುಸಿರಿನಲ್ಲೇ ಅವಳ ಹೆಸರು ಕೇಳಿದೆ.

"ಹೆಸರ ಆಮ್ಯಾಲ ಹೇಳ್ತೀನಿ, ಮದಲ ಅದನ್ನ ಇದ್ದಲ್ಲಿ ಇಡ್ರಿ."

ತಂದು ಇದ್ದಲ್ಲೇ ಇಟ್ಟೆ. ಎರಡನೆಯ ಹಂತದ ಕುದುರೆ ನಾನು, ಅದರ ಮೇಲೆಯೇ ಕೂತುಬಿಟ್ಟೆ.