ಅತ್ತೆಗೆ ಪ್ರೈವಸಿ ಕಲಿಸಿದ್ದು

ಇಂಗ್ಲಿಷಿನ ಯಾವ ಪದವನ್ನಾದರೂ ಹಿಡಿದು ತನ್ನಿ, ಕನ್ನಡದ ಅಂಗಿ ತೊಡಿಸಿ ಕಳಿಸುತ್ತೇನೆ ಎಂದು ಪರ್ತ್‌ನ ಕನ್ನಡಿಗರ ಮುಂದೆಲ್ಲ ಕೊಚ್ಚಿಕೊಂಡವನು ನಾನು, ಪಂಚಾಕ್ಷರಿ! ಹ್ಯಾರಿಸ್‌ಡೇಲಿನ ನಮ್ಮ ಮನೆಗೆ ಮೈಸೂರಿನಿಂದ ಅತ್ತೆ ಬಂದಿಳಿದಾಗ ಈ ವಿದ್ಯೆಗೆ ಶಿಷ್ಯೆಯೂ ಸಿಕ್ಕಂತಾಯಿತು. ಅತ್ತೆ ಕಮಲಾ ನಿವೃತ್ತ ಕನ್ನಡ ಮೇಡಂ. ವಾಪಸ್ ಹೋಗುವಷ್ಟರಲ್ಲಿ ಇಲ್ಲಿನ ಇಂಗ್ಲಿಷ್ ಕಲಿಯಬೇಕೆಂದರು. ನಾನಿರುವಾಗ ಚಿಂತೆಯೇಕೆ ಎಂದು ಎದೆ ತಟ್ಟಿಕೊಂಡೆ. ತಟ್ಟೆ ತೊಳೆಯುತ್ತಿದ್ದ ಹೆಂಡತಿ ಕವನಾ ತಿರುಗಿ ಒಮ್ಮೆ ನನ್ನನ್ನು ನೋಡಿದಳು. ಆ ನೋಟಕ್ಕೆ ಯಾವ ಅನುವಾದವೂ ಬೇಕಿರಲಿಲ್ಲ.

ಮೊದಮೊದಲು ನನ್ನದೇ ರಾಜ್ಯಭಾರ. ಮಧ್ಯಾಹ್ನಕ್ಕೆ ಇಲ್ಲಿನವರು ಆರ್ವೋ ಅನ್ನುತ್ತಾರೆ ಎಂದೆ. ಅದು ಅತ್ತೆಗೆ ಬಹಳ ಹಿಡಿಸಿತು. ಆಕ್ವರ್ಡ್ ಅಂದರೆ ಮುಜುಗರ, ಒಪ್ಪಿದರು. ಡೆಡ್‌ಲೈನ್ ಅಂದರೆ ಗಡುವು, ಅದನ್ನೂ ಒಪ್ಪಿದರು. ನಾನು ಮುಗ್ಗರಿಸಿ ಬಿದ್ದದ್ದು ಪ್ರೈವಸಿ ಎಂಬ ಪದದ ಹೊಸ್ತಿಲಲ್ಲಿ.

ಆ ಪದ ನನಗೆ ತುರ್ತಾಗಿ ಬೇಕಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಪ್ರಾಣಿ. ಅತ್ತೆಯ ಲೆಕ್ಕದಲ್ಲಿ ಮುಚ್ಚಿದ ಬಾಗಿಲು ಇರುವುದೇ ತೆರೆಯುವುದಕ್ಕೆ. ಒಮ್ಮೆ ಟೀಮ್ ಮೀಟಿಂಗಿನ ನಡುವೆ ಅವಲಕ್ಕಿ ತಟ್ಟೆ ಹಿಡಿದು ಒಳಗೆ ಬಂದು, ಬೆಳಗ್ಗೆಯಿಂದ ಕೆಟ್ಟಿದ್ದ ಹೊಟ್ಟೆ ಸರಿಹೋಯಿತೋ ಇಲ್ಲವೋ ಎಂದು ಕ್ಯಾಮೆರಾ ಮುಂದೆಯೇ ವಿಚಾರಿಸಿಕೊಂಡರು. ಕನ್ನಡ ಯಾರಿಗೆ ಅರ್ಥವಾಗುತ್ತದೆ ಎಂದು ಧೈರ್ಯ ತಂದುಕೊಂಡೆ. ಅಡಿಲೇಡಿನಿಂದ ಸೇರಿಕೊಂಡಿದ್ದ ಸುಹಾಸ ಮಂಡ್ಯದವನೆಂಬುದು ಮರೆತೇ ಹೋಗಿತ್ತು. ಪಾಪ, ಅವನು ನಗು ತಡೆಯಲಾರದೆ ಕ್ಯಾಮೆರಾ ಆರಿಸಿಬಿಟ್ಟ.

ಮುಂದಿನ ಗುರುವಾರ ಟೀಮ್ ಲೀಡ್ ಹುದ್ದೆಗೆ ನನ್ನ ಸಂದರ್ಶನವಿತ್ತು. ಬ್ರಿಸ್ಬೇನಿನಿಂದ ದೊಡ್ಡ ಸಾಹೇಬ ಗ್ರಾಂಟ್, ಅಡಿಲೇಡಿನಿಂದ ಎಚ್‌ಆರ್‌ನ ಹೆಲೆನ್ ಕೂರುವವರಿದ್ದರು. ಹೋದ ವರ್ಷ ಕೈತಪ್ಪಿದ ಹುದ್ದೆ ಅದು. ಅದಕ್ಕಾಗಿ ನಾನು ಎಷ್ಟು ಹಂಬಲಿಸಿದ್ದೆ ಎಂದರೆ ಕನಸಿನಲ್ಲೂ ರಜಾ ಅರ್ಜಿಗಳಿಗೆ ಸಹಿ ಹಾಕುತ್ತಿದ್ದೆ. ಈ ಸಲವೂ ನಡುವೆ ಹೊಟ್ಟೆಯ ವಿಚಾರಣೆ ನಡೆದರೆ ನನ್ನ ಕಥೆ ಮುಗಿದಂತೆಯೇ!

ಅತ್ತೆಯ ಮುಂದೆ ಕೂತು, ಪ್ರೈವಸಿ ಅಂದರೆ ಗೋಪ್ಯತೆ ಎಂದೆ.

"ಏನು ಮುಚ್ಚಿಡ್ತಿದೀರಿ?"

ಏಕಾಂತ ಎಂದೆ.

"ಅದು ಮದುವೆಯಾದ ಹೊಸದ್ರಲ್ಲಿ ಬೇಕು. ನಿಮಗೀಗ ಯಾಕೆ?"

ನಿಘಂಟು ತೆರೆದು ಖಾಸಗಿತನ ಎಂದೆ.

"ಖಾಸಗಿ ಅಂದ್ರೆ ಬಸ್ಸು," ಎಂದು ತೀರ್ಪು ಕೊಟ್ಟು ಅತ್ತೆ ಹುರುಳಿಕಾಯಿ ಹೆಚ್ಚತೊಡಗಿದರು.

ಅನುವಾದ ಸೋತಲ್ಲಿ ಆಚರಣೆ ಗೆಲ್ಲಬೇಕು! ಪದದ ಸಹವಾಸ ಬಿಟ್ಟು ನಿಯಮ ಹೇಳಿಕೊಟ್ಟೆ. ಬಾಗಿಲು ತಟ್ಟದೆ ತೆರೆಯಬಾರದು. ಬಟ್ಟೆ ಬದಲಾಯಿಸುವವರ ಕಡೆ ನೋಡಬಾರದು. ಮೀಟಿಂಗ್ ನಡೆಯುವಾಗ ಜೋರಾಗಿ ಮಾತಾಡಬಾರದು. ಯಾರು ಏನು ಮಾಡುತ್ತಿದ್ದರೂ ಯಾಕೆಂದು ಕೇಳಬಾರದು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಶಾಲೆಯಲ್ಲಿ ಆಯುಸ್ಸು ಕಳೆದವರಿಗೆ ನಿಯಮ ಅಂದರೆ ನಿಯಮ. ಅಂದಿನಿಂದ ಅವರು ಫ್ರಿಜ್ಜಿನ ಬಾಗಿಲನ್ನೂ ತಟ್ಟಿಯೇ ತೆಗೆಯತೊಡಗಿದರು. ನಮ್ಮ ಮನೆಯ ಉಪ್ಪಿನಕಾಯಿಗೂ ಪ್ರೈವಸಿ ಸಿಕ್ಕಿತೆಂದು ನಾನು ಬೀಗಿದೆ.

ಗುರುವಾರ ಕವನಾ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ನನಗೆ ಮೇಲೆ ಇಸ್ತ್ರಿಯ ಅಂಗಿ, ಟೈ, ಕೆಳಗೆ ಪಂಚೆ. ಕ್ಯಾಮೆರಾಗೆ ಕಾಣುವಷ್ಟು ಭಾಗ ಮಾತ್ರ ಟೀಮ್ ಲೀಡ್. ಲ್ಯಾಪ್‌ಟಾಪಿನಲ್ಲಿ ಲಿಂಕ್ ಒತ್ತಿದ ಮೇಲೆ ಯಾಕೋ ಧೈರ್ಯ ಸಾಲಲಿಲ್ಲ. ಪ್ಯಾಂಟು ಹಾಕಿದರೆ ಮಾತಿಗೂ ಗತ್ತು ಬಂದೀತೆಂದು, ಹಿತ್ತಲಿನ ತಂತಿಯಲ್ಲಿ ಒಣಗುತ್ತಿದ್ದ ಪ್ಯಾಂಟು ತರಲು ಓಡಿದೆ. ಪರ್ತ್‌ನ ಮಧ್ಯಾಹ್ನದ ಕಡಲಗಾಳಿ ಆಗಲೇ ಬೀಸಬೇಕೆ! ಹಿಂದಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಮುಚ್ಚಿದರೆ ತಾನೇ ಬೀಗ ಹಾಕಿಕೊಳ್ಳುವ ಬಾಗಿಲದು. ಕೀಲಿ ಒಳಗೆ, ಫೋನು ಒಳಗೆ, ನನ್ನ ಭವಿಷ್ಯವೂ ಒಳಗೆ.

ಗಾಜಿನಾಚೆ ಅಡುಗೆಮನೆಯಲ್ಲಿ ಅತ್ತೆ ಚಟ್ನಿಗೆ ಮಿಕ್ಸಿ ಓಡಿಸುತ್ತಿದ್ದರು. ಅವರು ಈ ಕಡೆ ನೋಡುವಷ್ಟರಲ್ಲಿ ಪ್ಯಾಂಟಾದರೂ ಹಾಕಿಕೊಂಡಿರೋಣವೆಂದು ಪಂಚೆ ಬಿಚ್ಚಿ, ಹಸಿಹಸಿಯಾಗಿದ್ದ ಪ್ಯಾಂಟಿಗೆ ಒಂದು ಕಾಲು ತೂರಿಸಿದೆ. ಆಗಲೇ ಅತ್ತೆ ತಲೆಯೆತ್ತಿದರು. ನಾನು ಒಂಟಿಕಾಲಲ್ಲಿ ಕುಪ್ಪಳಿಸುತ್ತಾ ಕೈಬೀಸಿದೆ. ಅವರು ಮುಖ ತಿರುಗಿಸಿಕೊಂಡೇ ನಡೆದು ಬಂದು, ಪರದೆ ಎಳೆದುಬಿಟ್ಟರು. ಗಾಜು ಬಡಿದೆ. ಪರದೆಯ ಹಿಂದಿನಿಂದ ಸಮಾಧಾನದ ದನಿ ಬಂತು.

"ನಾನೇನೂ ನೋಡ್ಲಿಲ್ಲ. ನಿಧಾನವಾಗಿ ಹಾಕ್ಕೊಳ್ಳಿ."

ಮತ್ತೆ ಮಿಕ್ಸಿ ಶುರುವಾಯಿತು.

ಇನ್ನೊಂದು ಕಾಲನ್ನೂ ತೂರಿಸಿಕೊಂಡು ಮನೆಯ ಪಕ್ಕಕ್ಕೆ, ನನ್ನ ಕೋಣೆಯ ಕಿಟಕಿಗೆ ಓಡಿದೆ. ಕಿಟಕಿ ತೆರೆದಿತ್ತು, ಆದರೆ ಅದಕ್ಕೆ ನೊಣ ತಡೆಯುವ ಗಟ್ಟಿ ಜಾಲರಿ. ಒಳಗೆ ಲ್ಯಾಪ್‌ಟಾಪಿನಲ್ಲಿ ಗ್ರಾಂಟ್ ಮತ್ತು ಹೆಲೆನ್ ಆಗಲೇ ಹಾಜರು! ಪಂಚ್ ಇದ್ದಾನೆಯೇ ಎಂದು ಗ್ರಾಂಟ್ ಕೇಳುತ್ತಿದ್ದ. ಅವನ ನಾಲಿಗೆಗೆ ನನ್ನ ಹೆಸರಿನಲ್ಲಿ ಅಷ್ಟೇ ಹೊರಳುವುದು. ಮಿಕ್ಸಿ ನಿಂತಿತು. ಅತ್ತೆ ಬಂದು, ತೆರೆದೇ ಇದ್ದ ಬಾಗಿಲನ್ನು ತಟ್ಟಿ, ಹೊಸ್ತಿಲಿನಾಚೆಯೇ ನಿಂತು ಇಂಗ್ಲಿಷಿನಲ್ಲಿ ಪ್ರಕಟಣೆ ಹೊರಡಿಸಿದರು.

"ಪಂಚಾಕ್ಷರಿ ಈಸ್ ಇನ್ ಬ್ಯಾಕ್‌ಯಾರ್ಡ್. ವೇರಿಂಗ್ ಟ್ರೌಸರ್ಸ್. ಪ್ಲೀಸ್ ಗಿವ್ ಪ್ರೈವಸಿ."

"ಅತ್ತೆ, ಬಾಗಿಲು!" ಎಂದು ಜಾಲರಿಯಿಂದ ಕೂಗಿದೆ.

ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಮೀಟಿಂಗ್ ನಡೀತಿದೆ. ಮೆತ್ತಗೆ."

ಸಂದರ್ಶಕರಿಗೆ ಆಗ ಕಂಡ ದೃಶ್ಯ ಇಷ್ಟು: ಖಾಲಿ ಕುರ್ಚಿ, ಕುರ್ಚಿಯ ಹಿಂದೆ ಕಿಟಕಿ, ಕಿಟಕಿಯಲ್ಲಿ ಜಾಲರಿಗೆ ಮೂಗೊತ್ತಿ ಟೈ ಕಟ್ಟಿಕೊಂಡು ನಿಂತ ಅಭ್ಯರ್ಥಿ! ಹಿಂದಿನ ಬಾಗಿಲು ತೆಗೆಯಿರಿ, ನಿಯಮಗಳೆಲ್ಲ ಈ ಕ್ಷಣದಿಂದ ರದ್ದು ಎಂದು ಪಿಸುದನಿಯಲ್ಲಿ ಅಂಗಲಾಚಿ ಮತ್ತೆ ಹಿತ್ತಲಿಗೆ ಓಡಿದೆ. ಬಾಗಿಲಿನ ಒಳಗಿನಿಂದ ಟಕ್ ಟಕ್ ಸದ್ದು ಕೇಳಿಸಿತು.

"ತೆಗೀಬಹುದಾ?"

"ತೆಗೀರಿ ಅತ್ತೆ!"

"ಪೂರ್ತಿ ಹಾಕ್ಕೊಂಡ್ರಾ?"

ಕೊನೆಗೂ ಬಾಗಿಲು ತೆರೆಯಿತು, ಓಡಿಹೋಗಿ ಕುರ್ಚಿಯಲ್ಲಿ ಕೂತೆ. ಆಮೇಲೆ ಗ್ರಾಂಟ್, ಹೆಲೆನ್ ಏನು ಕೇಳಿದರು, ನಾನೇನು ಒದರಿದೆ, ಒಂದೂ ನೆನಪಿಲ್ಲ. ಹಸಿ ಪ್ಯಾಂಟಿನ ತಣ್ಣನೆಯ ಸ್ಪರ್ಶವೊಂದೇ ನೆನಪಿನಲ್ಲಿ ಉಳಿದದ್ದು. ಸಂಜೆ ಕವನಾ ಸಿಂಕ್ ಹಿಡಿದುಕೊಂಡು ನಕ್ಕಳು. ನನಗೆ ಮಾತ್ರ ಅಳು ಬರುವಷ್ಟು ಸಂಕಟವಾಗಿತ್ತು. ಹುದ್ದೆ ಹಾಳಾಗಲಿ, ಬ್ರಿಸ್ಬೇನಿನಲ್ಲೂ ಅಡಿಲೇಡಿನಲ್ಲೂ ಒಟ್ಟಿಗೇ ಮಾನ ಹೋಗಿತ್ತಲ್ಲ!

ಮುಂದಿನ ವಾರ ಒಂದು ಬೆಳಗ್ಗೆ ಗ್ರಾಂಟ್ ಫೋನ್ ಮಾಡಿದ. ಹುದ್ದೆ ನನಗೇ ಸಿಕ್ಕಿತ್ತು! ಒಬ್ಬರಿಗೊಬ್ಬರು ಇಷ್ಟು ಪ್ರೈವಸಿ ಕೊಡುವ ಮನೆಯನ್ನು ತಾನು ಕಂಡೇ ಇಲ್ಲವೆಂದೂ, ಇಂಥ ಮನೆಯವನ ಕೈಕೆಳಗೆ ಟೀಮು ನೆಮ್ಮದಿಯಾಗಿರುತ್ತದೆಂದೂ ಹೇಳಿದ. ಬಾಗಿಲಲ್ಲಿ ನಿಂತಿದ್ದ ಆ ಮೇಡಂಗೆ ವಂದನೆ ತಿಳಿಸಲೂ ಹೇಳಿದ.

ಖುಷಿಗೆ ನೆಲ ಕಾಣಲಿಲ್ಲ. ಪಂಚೆ, ತೂತು ಬನಿಯನ್ನಿನಲ್ಲೇ ಓಡಿ, ಅತ್ತೆಯ ಕೋಣೆಯ ಬಾಗಿಲು ದಬ್ಬಿಕೊಂಡು ನುಗ್ಗಿ, "ಅತ್ತೆ, ಸಿಕ್ಬಿಡ್ತು!" ಎಂದು ಕಿರುಚಿದೆ. ಅತ್ತೆ ವೀಡಿಯೊ ಕಾಲಿನಲ್ಲಿದ್ದರು. ಫೋನಿನಿಂದ ಮೈಸೂರಿನ ಬಂಧುಬಳಗವೆಲ್ಲ ನನ್ನ ಬನಿಯನ್ನಿನ ತೂತುಗಳನ್ನು ಕಣ್ಣರಳಿಸಿ ನೋಡುತ್ತಿತ್ತು.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಅಳಿಯಂದ್ರೇ, ಆಚೆ ಹೋಗಿ ಬಾಗಿಲು ತಟ್ಟಿ."

ಹೊಸ ಟೀಮ್ ಲೀಡ್ ಆಚೆ ಹೋದ. ಬಾಗಿಲು ಮುಚ್ಚಿದ. ತಟ್ಟಿದ.

"ಮೀಟಿಂಗ್‌ನಲ್ಲಿದೀನಿ," ಎಂದಿತು ಒಳಗಿನ ದನಿ. "ಆರ್ವೋ ಬನ್ನಿ."