ಹಲ್ಲಿನ ಸೆಟ್ ಬರುವವರೆಗೆ ದಿನಸಿ ಖರ್ಚಿನ ಮಿತಿ

ದಿನಸಿ ನಿಯಂತ್ರಣ ವಿಭಾಗ
(ಎರಡನೇ ಮಹಡಿ, ಅಡುಗೆಮನೆ, ಕಿಟಕಿ ಪಕ್ಕದ ಮೇಜು)

ಸಂಖ್ಯೆ: ದಿನಿವಿ/೧೪/ತಿದ್ದುಪಡಿ-೩
ದಿನಾಂಕ: ಸಂಬಳಕ್ಕೆ ಇನ್ನೂ ಒಂಬತ್ತು ದಿನವಿರುವಾಗ

ಸುತ್ತೋಲೆ

ವಿಷಯ: ಬೆಲೆಗಳು ಏರುತ್ತಿರುವ ಸಂದರ್ಭದಲ್ಲಿ ಮನೆಯ ದಿನಸಿ ಖರ್ಚನ್ನು ತಿಂಗಳ ಮಿತಿಯೊಳಗೆ ಇಡುವ ಬಗ್ಗೆ, ಹಾಗೂ ಈ ಕೆಲಸದಲ್ಲಿ ನಡೆದಿರುವ ಒಂದು ಲೋಪವನ್ನು ಸರಿಪಡಿಸುವ ಬಗ್ಗೆ.

ಉಲ್ಲೇಖ:
೧) ಸುತ್ತೋಲೆ ೧೧ (ಮೊಟ್ಟೆ).
೨) ಸುತ್ತೋಲೆ ೧೨ (ಎಣ್ಣೆ). ಇದರ ಮೇಲೆ ಎಣ್ಣೆ ಚೆಲ್ಲಿರುವುದರಿಂದ ಓದಲು ಬರುತ್ತಿಲ್ಲ.
೩) ಸುತ್ತೋಲೆ ೧೩ (ಶೂನ್ಯ ವರದಿ ಮತ್ತು ಪ್ರಶಂಸಾ ಪತ್ರ).
೪) ಹಲ್ಲಿನ ಡಾಕ್ಟರು ನಿನ್ನೆ ನೀಡಿದ ಮೌಖಿಕ ಅಭಿಪ್ರಾಯ.
೫) ನಿನ್ನೆ ಸಂಜೆ ಅಡುಗೆಮನೆಯಲ್ಲಿ ನಡೆದ ತುರ್ತು ಸಭೆ. ನಡಾವಳಿ ಬರೆದುಕೊಳ್ಳಲು ಮುಖ್ಯಸ್ಥರಿಗೆ ಅವಕಾಶ ದೊರೆಯಲಿಲ್ಲ.

ಪ್ರಸ್ತಾವನೆ:

ಮುಖ್ಯಸ್ಥರ ತಾಯಿಯವರ (ಇನ್ನು ಮುಂದೆ ‘ಅಮ್ಮ’) ಬಾಯಿಯಲ್ಲಿ ಹಾಲಿ ಮೂರು ಹಲ್ಲುಗಳು ಮಾತ್ರ ಕರ್ತವ್ಯದಲ್ಲಿದ್ದು, ಅವು ಒಂದಕ್ಕೊಂದು ಭೇಟಿಯಾಗುತ್ತಿಲ್ಲವೆಂಬುದು ಎಲ್ಲ ಸದಸ್ಯರಿಗೂ ತಿಳಿದ ವಿಷಯವಾಗಿರುತ್ತದೆ. ಮೇಲಿನ ಮತ್ತು ಕೆಳಗಿನ ಪೂರ್ಣ ಸೆಟ್‌ಗೆ ಡಾಕ್ಟರು ಹೇಳಿದ ಮೊತ್ತವನ್ನು ಕೂಡಿಸಲು, ದಿನಸಿ ಖರ್ಚನ್ನು ಏಳು ತಿಂಗಳ ಕಾಲ ಸಂಬಳದ ಮೂರನೇ ಒಂದು ಭಾಗದೊಳಗೆ ಹಿಡಿದಿಡಲು ತೀರ್ಮಾನಿಸಲಾಗಿತ್ತು. ಮೊದಲ ತಿಂಗಳು ಹಿಡಿಯಿತು. ಎರಡನೇ ತಿಂಗಳಲ್ಲಿ ಎಣ್ಣೆಯ ಬೆಲೆ ಎರಡು ಸಲ, ಬೇಳೆಯ ಬೆಲೆ ಒಂದು ಸಲ ಏರಿದವು. ಮೊಟ್ಟೆಗೆ ಬೆಳಿಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ ಆಯಿತು. ಬ್ರೆಡ್ಡಿನ ಬೆಲೆ ಹಾಗೇ ಇದ್ದು ಬ್ರೆಡ್ಡೇ ತೆಳ್ಳಗಾಯಿತು. ಸಂಬಳವು ಈ ಯಾವ ಬೆಳವಣಿಗೆಯನ್ನೂ ಗಮನಿಸಿರುವುದಿಲ್ಲ.

ಮುಖ್ಯಸ್ಥರು ಹಗಲಿನಲ್ಲಿ ಬೇರೊಂದು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸುತ್ತೋಲೆಗಳ ಕರಡು ಬರೆಯುವ ಗುಮಾಸ್ತರಾಗಿದ್ದು, ತಾವು ಬರೆದ ಒಂದಕ್ಕೂ ತಾವೇ ಸಹಿ ಹಾಕುವ ಭಾಗ್ಯ ಅಲ್ಲಿ ಅವರಿಗೆ ಸಿಕ್ಕಿರುವುದಿಲ್ಲ. ಮನೆಯಲ್ಲಿ ಸಹಿಯ ಅಧಿಕಾರ ಖಾಲಿ ಬಿದ್ದಿದ್ದರಿಂದ ಅವರು ಅದನ್ನು ವಹಿಸಿಕೊಂಡು, ಎರಡು ತಿಂಗಳಲ್ಲಿ ಹದಿಮೂರು ಸುತ್ತೋಲೆಗಳನ್ನು ಹೊರಡಿಸಿರುತ್ತಾರೆ. ಇದು ಹದಿನಾಲ್ಕನೆಯದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಡೆಸುವ ಪತ್ನಿ, ಏಳನೇ ತರಗತಿಯಲ್ಲಿ ಓದುತ್ತ ರಿಜಿಸ್ಟರ್ ಬರೆಯುವ ಮಗಳು, ಹಾಗೂ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತ ಇದೇ ಮನೆಯಲ್ಲಿ ಉಣ್ಣುವ ಭಾವಮೈದುನ, ಈ ಮೂವರೂ ಕೆಳಕಂಡ ಕಲಮುಗಳಿಗೆ ಬದ್ಧರಾಗಿರತಕ್ಕದ್ದು.

ಕಲಮುಗಳು:

೧. ತಿಂಗಳ ಸಾಮಾನಿನ ಪಟ್ಟಿಯನ್ನು ಮೂರು ಪ್ರತಿಗಳಲ್ಲಿ ಸಿದ್ಧಪಡಿಸತಕ್ಕದ್ದು. ಒಂದು ಪ್ರತಿ ಅಂಗಡಿಗೆ, ಒಂದು ಕಡತಕ್ಕೆ, ಇನ್ನೊಂದು ಮೊದಲೆರಡು ಕಳೆದುಹೋದಾಗ ಹುಡುಕುವುದಕ್ಕೆ. ಪಟ್ಟಿ ಮುಚ್ಚಿದ ನಂತರ ‘ಅಯ್ಯೋ, ಉಪ್ಪು ಮರೆತೇಹೋಯ್ತು’ ಎಂಬ ಮನವಿಯನ್ನು ಪುರಸ್ಕರಿಸಲಾಗುವುದಿಲ್ಲ. ಉಪ್ಪಿಲ್ಲದ ಅಡುಗೆಯನ್ನು ಆ ತಿಂಗಳ ರುಚಿ ಎಂದು ಭಾವಿಸತಕ್ಕದ್ದು.

೨. ಹೊಸ ಬೆಲೆಯನ್ನು ಕಂಡು ಬಂದ ಸದಸ್ಯರು ಅದನ್ನು ವರದಿ ಮಾಡುವ ಮೊದಲು ಐದು ನಿಮಿಷ ಕುರ್ಚಿಯಲ್ಲಿ ಕೂತು ನೀರು ಕುಡಿಯತಕ್ಕದ್ದು. ಒಂದು ಪದಾರ್ಥಕ್ಕೆ ಒಂದು ‘ಅಯ್ಯೋ’ ಮಾತ್ರ ಮಂಜೂರಾಗಿದೆ. ‘ಅಯ್ಯಯ್ಯೋ’ ಎಂದವರ ಲೆಕ್ಕದಿಂದ ಎರಡು ಕಳೆಯಲಾಗುವುದು. ಉಳಿದ ‘ಅಯ್ಯೋ’ಗಳನ್ನು ಮುಂದಿನ ತಿಂಗಳಿಗೆ ಎಳೆದುಕೊಂಡು ಹೋಗಲು ಅವಕಾಶವಿರುತ್ತದೆ, ಮುಂದಿನ ತಿಂಗಳೇ ಅವು ಹೆಚ್ಚು ಬೇಕಾಗುವ ಸಂಭವವಿದೆ.

೩. ಅಂಗಡಿಯಾತನ ಮೇಲೆ ಕನಿಕರ ತೋರುವುದನ್ನು ನಿಷೇಧಿಸಿದೆ. ಕಳೆದ ತಿಂಗಳು ಆತ ‘ನಮ್ಗೇ ಜಾಸ್ತಿ ರೇಟಿಗೆ ಬರ್ತಿದೆ ಅಕ್ಕಾ, ನಾನೇನ್ ಬಾಯಿಗೆ ಹಾಕ್ಕೊಳ್ತೀನಾ?’ ಎಂದು ಹೇಳಿದ್ದರಿಂದ ಮನಕರಗಿದ ಪತ್ನಿ, ಪಟ್ಟಿಯಲ್ಲಿಲ್ಲದ ಅರ್ಧ ಕಿಲೋ ಬಿಸ್ಕತ್ತು ಖರೀದಿಸಿ ಆತನಿಗೆ ಸಮಾಧಾನ ಹೇಳಿ ಬಂದಿರುತ್ತಾರೆ. ಇನ್ನು ಮುಂದೆ ಸಮಾಧಾನವನ್ನು ಮಾತಿನಲ್ಲಿ ಮಾತ್ರ, ಅದೂ ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಹೇಳತಕ್ಕದ್ದು.

೪. ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಕ್ರಮಸಂಖ್ಯೆ ಬರೆಯುವ ಪದ್ಧತಿ ಮುಂದುವರಿಯುತ್ತದೆ. ಮೊಟ್ಟೆಗಳನ್ನು ಸೇವಾ ಹಿರಿತನದ ಪ್ರಕಾರ ಬೇಯಿಸತಕ್ಕದ್ದು. ಏಳನೇ ಮೊಟ್ಟೆಯನ್ನು ಕಡೆಗಣಿಸಿ ಹನ್ನೊಂದನೆಯದನ್ನು ತಿಂದಿದ್ದಕ್ಕೆ ಕಾರಣ ಕೇಳಿ ಭಾವಮೈದುನನಿಗೆ ನೋಟಿಸು ನೀಡಲಾಗಿ, ಆತ ಸಲ್ಲಿಸಿದ ವಿವರಣೆಯನ್ನು ಯಥಾವತ್ತಾಗಿ ದಾಖಲಿಸಿದೆ: ‘ಏಳು ಹಿಂದ್ಗಡೆ ಇತ್ತು ಭಾವ. ಹನ್ನೊಂದು ಕೈಗ್ ಸಿಕ್ತು. ಸಿಪ್ಪೆ ಸುಲಿದ್ಮೇಲೆ ಅದಕ್ಕೆ ನಂಬರ್ ಎಲ್ಲಿರುತ್ತೆ ಹೇಳಿ?’ ವಿವರಣೆ ಸಮಾಧಾನಕರವಾಗಿಲ್ಲ. ಆದರೆ ಕೊನೆಯ ಪ್ರಶ್ನೆಗೆ ಈ ವಿಭಾಗದಲ್ಲಿ ಉತ್ತರ ಲಭ್ಯವಿಲ್ಲದ ಕಾರಣ ಪ್ರಕರಣವನ್ನು ಬಾಕಿ ಇರಿಸಲಾಗಿದೆ. ಏಳನೇ ಮೊಟ್ಟೆ ಇಂದಿಗೂ ತನ್ನ ಸರದಿಗಾಗಿ ಕಾಯುತ್ತಿದೆ.

೫. ಸುತ್ತೋಲೆ ೧೨ರ ಪ್ರಕಾರ, ತಿಂಗಳ ಕೊನೆಗೆ ಉಳಿದ ಎಣ್ಣೆಯಷ್ಟನ್ನು ಮುಂದಿನ ತಿಂಗಳ ಹಂಚಿಕೆಯಲ್ಲಿ ಕಡಿತ ಮಾಡುವ ನಿಯಮವಿತ್ತು. ಮುಖ್ಯಸ್ಥರ ಹಗಲಿನ ಕಚೇರಿಯಲ್ಲಿ ಇಂಥದೇ ನಿಯಮವಿದ್ದು, ಅಲ್ಲಿ ವರ್ಷದ ಕೊನೆಯ ವಾರದಲ್ಲಿ ಎಲ್ಲರಿಗೂ ಹೊಸ ಕುರ್ಚಿ ಬರುತ್ತದೆ. ಮನೆಯಲ್ಲಿ ಇದರ ಪರಿಣಾಮವಾಗಿ, ತಿಂಗಳಿಡೀ ಹನಿಹನಿ ಎಣ್ಣೆ ಉಳಿಸಿದ ಪತ್ನಿಯವರು ಮೂವತ್ತನೇ ತಾರೀಕಿನ ಸಂಜೆ ಕರಿಯಲು ಬರುವುದೆಲ್ಲವನ್ನೂ ಕರಿದು, ಕರಿಯಲು ಬಾರದ ಎರಡು ಪದಾರ್ಥಗಳನ್ನೂ ಪ್ರಯತ್ನಿಸಿ ನೋಡಿರುತ್ತಾರೆ. ವಿಚಾರಿಸಿದಾಗ, ‘ಉಳಿಸಿದ್ರೆ ಕಿತ್ಕೊಳ್ತೀರಿ ಅಂತ ನೀವೇ ಬರ್ದಿದ್ದೀರಲ್ಲ. ಓದ್ದೆ, ಪಾಲಿಸ್ದೆ. ಬಿಸಿಬಿಸಿ ಇದೆ, ತಿನ್ನಿ’ ಎಂದಿರುತ್ತಾರೆ. ಸದರಿ ನಿಯಮವನ್ನು ಹಿಂಪಡೆಯಲಾಗಿದೆ. ಅದನ್ನು ಮುಖ್ಯಸ್ಥರು ಬಾಯಿತುಂಬ ಕರಿದ ತಿಂಡಿ ಇದ್ದಾಗಲೇ ಹಿಂಪಡೆದರು ಎಂಬುದನ್ನೂ ಕಡತದಲ್ಲಿ ನಮೂದಿಸಿದೆ.

೬. ಸುಮ್ಮನೆ ನೋಡುವ ಉದ್ದೇಶದಿಂದ ಫ್ರಿಜ್ಜಿನ ಬಾಗಿಲು ತೆರೆಯತಕ್ಕದ್ದಲ್ಲ. ‘ತಿನ್ನೋಕಲ್ಲ ಅಪ್ಪ, ಏನೇನಿದೆ ಅಂತ ನೋಡ್ದೆ ಅಷ್ಟೆ. ಏನೂ ಇರ್ಲಿಲ್ಲ, ಮುಚ್ದೆ’ ಎಂಬ ಮಗಳ ಹೇಳಿಕೆಯನ್ನು ಪರಿಗಣಿಸಿ, ಆಕೆಗೆ ವಾರಕ್ಕೆ ಎರಡು ವೀಕ್ಷಣಾ ಪರವಾನಗಿ ನೀಡಲಾಗಿದೆ. ವೀಕ್ಷಣೆಯ ಅವಧಿ ನಾಲ್ಕು ಸೆಕೆಂಡು. ನಿಟ್ಟುಸಿರನ್ನು ಬಾಗಿಲು ಮುಚ್ಚಿದ ನಂತರ ಬಿಡತಕ್ಕದ್ದು. ಒಳಗಿನ ತಂಪು ಹಾಳಾಗುತ್ತದೆ.

೭. ಊಟದ ವೇಳೆಯ ಹೊರಗೆ ಹಸಿವಾದಲ್ಲಿ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹಸಿವು ಯಾವಾಗ ಆರಂಭವಾಯಿತು, ಈ ಮೊದಲು ಇದೇ ಬಗೆಯ ಹಸಿವಿಗಾಗಿ ಏನನ್ನಾದರೂ ಪಡೆದಿರುವಿರಾ, ಪಡೆದಿದ್ದಲ್ಲಿ ಅದು ಎಲ್ಲಿಗೆ ಹೋಯಿತು ಎಂಬ ವಿವರಗಳನ್ನು ಭರ್ತಿ ಮಾಡತಕ್ಕದ್ದು. ಅರ್ಜಿಯನ್ನು ಏಳು ಕೆಲಸದ ದಿನಗಳೊಳಗೆ ವಿಲೇವಾರಿ ಮಾಡಲಾಗುವುದು. ಅಷ್ಟರಲ್ಲಿ ಹಸಿವು ತಾನಾಗಿ ಹೋದಲ್ಲಿ ಅರ್ಜಿದಾರರು ಅದನ್ನು ಲಿಖಿತವಾಗಿ ತಿಳಿಸತಕ್ಕದ್ದು.

೮. ಪಕ್ಕದ ಮನೆಯ ಕಿಟಕಿಯಿಂದ ಒಗ್ಗರಣೆಯ ವಾಸನೆ ಬರುವಾಗ ಬರೀ ಬ್ರೆಡ್ ತಿಂದವರು, ರಿಜಿಸ್ಟರಿನಲ್ಲಿ ಅದನ್ನು ‘ಬ್ರೆಡ್ ಮತ್ತು ಇತರೆ’ ಎಂದು ನಮೂದಿಸತಕ್ಕದ್ದು.

೯. ಶೂನ್ಯ ವರದಿ. ಈ ಕಲಮನ್ನು ಎಲ್ಲರೂ ನಿಂತು ಓದತಕ್ಕದ್ದು.

(ಅ) ಸುತ್ತೋಲೆ ೧೩ರಲ್ಲಿ, ದಿನಕ್ಕೆ ತಲಾ ಒಂದು ಲೋಟ ಹಾಲು ಮಂಜೂರು ಮಾಡಿ, ಯಾವುದೇ ಪದಾರ್ಥವನ್ನು ಸ್ವಇಚ್ಛೆಯಿಂದ ಬಿಟ್ಟವರು ರಿಜಿಸ್ಟರಿನಲ್ಲಿ ‘ಇಲ್ಲ’ ಎಂದು ಬರೆಸಬಹುದೆಂದೂ, ಅತಿ ಹೆಚ್ಚು ‘ಇಲ್ಲ’ ಬರೆಸಿದವರಿಗೆ ಪ್ರಶಂಸಾ ಪತ್ರ ನೀಡಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗುವುದೆಂದೂ ತಿಳಿಸಲಾಗಿತ್ತು.

(ಆ) ಪತ್ನಿ ಒಂದು ದಿನ, ಮಗಳು ಎರಡು ದಿನ ‘ಇಲ್ಲ’ ಬರೆಸಿದರು. ಭಾವಮೈದುನ ಯಾವ ದಿನವೂ ಬರೆಸಲಿಲ್ಲ. ಅಮ್ಮ ಸತತ ಹತ್ತೊಂಬತ್ತು ದಿನ ಬರೆಸಿದರು.

(ಇ) ಮುಖ್ಯಸ್ಥರು ಈ ಸಾಧನೆಯನ್ನು ಕಂಡು ಹರ್ಷಗೊಂಡು, ‘ಹಾಲಿನ ವಿಷಯದಲ್ಲಿ ಶೂನ್ಯ ಸೇವನೆ ಸಾಧಿಸಿ ಇತರರಿಗೆ ಮಾದರಿಯಾಗಿರುತ್ತೀರಿ’ ಎಂಬ ಪತ್ರವನ್ನು ತಮ್ಮ ಕೈಯಾರೆ, ದುಂಡು ಅಕ್ಷರದಲ್ಲಿ ಬರೆದು, ಇಪ್ಪತ್ತನೇ ದಿನದ ಬೆಳಿಗ್ಗೆ ಎಲ್ಲರ ಎದುರು ಓದಿದರು. ಅಮ್ಮ ಎರಡೂ ಕೈಯಲ್ಲಿ ಪತ್ರ ಹಿಡಿದು, ‘ಏನಂತೋ? ಪಾಸಾದ್ನಾ ನಾನು?’ ಎಂದು ಕೇಳಿದರು. ಮುಖ್ಯಸ್ಥರು ‘ಫಸ್ಟ್ ಕ್ಲಾಸು’ ಎಂದು ಉತ್ತರಿಸಿರುತ್ತಾರೆ. ಈ ಉತ್ತರವು ದಾಖಲೆಯಲ್ಲಿದೆ. ಅಳಿಸಲು ಬರುವುದಿಲ್ಲ.

(ಈ) ಮೂರು ಹಲ್ಲಿನ ಅಮ್ಮ ತಮ್ಮ ರಾತ್ರಿಯ ಊಟವಾದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಮಾತ್ರ ತಿನ್ನಬಲ್ಲರು. ಹಾಲು ಬಿಟ್ಟರೆ ಬ್ರೆಡ್ಡೂ ಬಿಟ್ಟಂತೆ, ಎಂದರೆ ರಾತ್ರಿಯ ಊಟವನ್ನೇ ಬಿಟ್ಟಂತೆ ಎಂಬ ಅಂಶವು ಮುಖ್ಯಸ್ಥರ ಗಮನಕ್ಕೆ ಬಂದಿರುವುದಿಲ್ಲ. ರಿಜಿಸ್ಟರಿನಲ್ಲಿ ಹಾಲಿಗೂ ಬ್ರೆಡ್ಡಿಗೂ ಬೇರೆ ಬೇರೆ ಪುಟಗಳಿದ್ದವು. ಮುಖ್ಯಸ್ಥರು ಹಾಲಿನ ಪುಟವನ್ನು ಮಾತ್ರ ತಿರುವಿದ್ದರು.

(ಉ) ಲೋಪವನ್ನು ಮೊದಲು ಪತ್ತೆಹಚ್ಚಿದ್ದು ಹೊಲಿಗೆ ಯಂತ್ರ. ಅಮ್ಮ ಮನೆಯಲ್ಲಿ ತೊಡುವ ನಿಲುವಂಗಿಯನ್ನು ಎರಡೂ ಪಕ್ಕಕ್ಕೆ ಎರಡೆರಡು ಬೆರಳು ಒಳಗೆ ಹಿಡಿದು ಹೊಲಿದ ಪತ್ನಿ, ಎರಡೇ ವಾರದಲ್ಲಿ ಅದೇ ಅಂಗಿಯನ್ನು ಮತ್ತೆ ಒಂದು ಬೆರಳು ಹಿಡಿಯಬೇಕಾಗಿ ಬಂದಾಗ ಯಂತ್ರ ನಿಲ್ಲಿಸಿ, ಅಳತೆಯ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಬಂದು ರಿಜಿಸ್ಟರಿನ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿರುತ್ತಾರೆ. ಅದೇ ದಿನ ಹಲ್ಲಿನ ಡಾಕ್ಟರು, ಕಳೆದ ತಿಂಗಳು ತೆಗೆದ ಅಚ್ಚು ಈಗ ಅಮ್ಮನ ಬಾಯಿಗೆ ಕೂರುತ್ತಿಲ್ಲವೆಂದೂ, ‘ಅಜ್ಜಿ ತುಂಬ ಇಳಿದುಹೋಗಿದಾರೆ, ಹೊಟ್ಟೆ ತುಂಬ ಊಟ ಕೊಡಿ, ಮೈ ಸ್ವಲ್ಪ ತುಂಬ್ಕೊಂಡ್ಮೇಲೆ ಹೊಸ ಅಚ್ಚು ತೆಗೆಯೋಣ’ ಎಂದೂ ತಿಳಿಸಿರುತ್ತಾರೆ. ಹೊಸ ಅಚ್ಚಿನ ವೆಚ್ಚವು ಹತ್ತೊಂಬತ್ತು ‘ಇಲ್ಲ’ಗಳಿಂದ ಉಳಿದ ಮೊತ್ತಕ್ಕಿಂತ ಹೆಚ್ಚಿರುತ್ತದೆ. ಅಂದರೆ ಹಲ್ಲಿಗಾಗಿ ಉಳಿಸಿದ್ದರಿಂದಲೇ ಹಲ್ಲು ಒಂದು ತಿಂಗಳು ದೂರ ಹೋಗಿರುತ್ತದೆ.

(ಊ) ತುರ್ತು ಸಭೆಯಲ್ಲಿ ಪತ್ನಿ ಒಂದೇ ಮಾತು ಹೇಳಿದರು: ‘ಹಲ್ಲಿಲ್ದೋರಿಗೆ ಹಾಲ್ ನಿಲ್ಸಿ ಸರ್ಟಿಫಿಕೇಟ್ ಕೊಟ್ರಲ್ರೀ.’ ಅಮ್ಮ ಮಧ್ಯೆ ಪ್ರವೇಶಿಸಿ, ‘ಅವನನ್ನ ಬೈಬೇಡ ಕಣೇ. ನನ್ನ ಹಲ್ಲಿಗೋಸ್ಕರಾನೇ ತಾನೇ ಒದ್ದಾಡ್ತಿರೋದು. ನನ್ಗೆ ಹಸಿವೇ ಆಗ್ತಿರ್ಲಿಲ್ಲ’ ಎಂದರು. ಈ ಹೇಳಿಕೆ ಸುಳ್ಳೆಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಆ ಹೊತ್ತಿಗೆ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕನ್ನಡಕ ಮೊದಲೇ ಸ್ವಚ್ಛವಾಗಿತ್ತೆಂದು ಮಗಳು ರಿಜಿಸ್ಟರಿನಲ್ಲಿ ಬರೆದಿರುತ್ತಾಳೆ.

೧೦. ಮೇಲಿನ ಕಾರಣಗಳಿಂದ ಕೆಳಕಂಡಂತೆ ಆದೇಶಿಸಿದೆ:

ಶೂನ್ಯ ವರದಿಯ ಪದ್ಧತಿ ಇಂದಿನಿಂದ ರದ್ದು. ಅಮ್ಮನಿಗೆ ದಿನಕ್ಕೆ ಎರಡು ಲೋಟ ಹಾಲು. ಹತ್ತೊಂಬತ್ತು ದಿನಗಳ ಬಾಕಿ ಹಾಲನ್ನು, ದಿನಕ್ಕೆ ಅರ್ಧ ಲೋಟದಂತೆ ಮೂವತ್ತೆಂಟು ಕಂತುಗಳಲ್ಲಿ ಪಾವತಿಸಲಾಗುವುದು. ಬಾಕಿಯನ್ನು ಅಮ್ಮ ಮೊಮ್ಮಗಳ ಹೆಸರಿಗೆ ವರ್ಗಾಯಿಸುವಂತಿಲ್ಲ. ‘ನನ್ಗೆ ಸಾಕು, ಅವ್ಳಿಗ್ ಕೊಡಿ’ ಎಂಬ ಮೌಖಿಕ ಕೋರಿಕೆಯನ್ನು ಸ್ವೀಕರಿಸಲಾಗುವುದಿಲ್ಲ.

ಈ ಹೆಚ್ಚುವರಿ ವೆಚ್ಚವನ್ನು ಮುಖ್ಯಸ್ಥರ ಸಂಜೆಯ ಟೀ ಹಾಗೂ ಎರಡು ಬಿಸ್ಕತ್ತಿನಿಂದ ಭರಿಸಲು ಕರಡಿನಲ್ಲಿ ಪ್ರಸ್ತಾಪಿಸಲಾಗಿತ್ತು. ಕರಡನ್ನು ಪರಿಶೀಲಿಸಿದ ಮೇಲ್ಮನವಿ ಪ್ರಾಧಿಕಾರವು (ಪತ್ನಿ) ಅಂಚಿನಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ, ‘ಮತ್ತೆ ಅದೇ ಶುರುಮಾಡ್ಬೇಡಿ. ಎಲ್ರೂ ತಿನ್ನೋಣ. ಸೆಟ್ ಎಂಟನೇ ತಿಂಗ್ಳಿಗೆ ಬರ್ಲಿ’ ಎಂದು ಬರೆದು ಹಿಂತಿರುಗಿಸಿರುತ್ತದೆ. ಪ್ರಾಧಿಕಾರದ ಅಭಿಪ್ರಾಯವನ್ನು ಯಥಾವತ್ತಾಗಿ ಒಪ್ಪಿಕೊಂಡು, ಮಿತಿಯ ಅವಧಿಯನ್ನು ಒಂದು ತಿಂಗಳು ವಿಸ್ತರಿಸಲಾಗಿದೆ.

೧೧. ಪ್ರಶಂಸಾ ಪತ್ರವನ್ನು ಹಿಂದಿರುಗಿಸುವಂತೆ ಅಮ್ಮನನ್ನು ಕೋರಲಾಗಿತ್ತು. ಅವರು ಅದನ್ನು ಫ್ರಿಜ್ಜಿನಿಂದ ಕಿತ್ತು ತಮ್ಮ ದಿಂಬಿನ ಕೆಳಗೆ ಸೇರಿಸಿಕೊಂಡು, ‘ಕೊಟ್ಟಿದ್ನ ವಾಪಸ್ ಕೇಳ್ತಾರೇನೋ? ಎಪ್ಪತ್ತೊಂದ್ ವರ್ಷದಲ್ಲಿ ನನ್ನ ಹೆಸ್ರು ಬರ್ದು ಒಂದು ಕಾಗ್ದ ಕೊಟ್ಟೋರು ಯಾರಿದಾರೆ?’ ಎಂದು ಪ್ರಶ್ನಿಸಿರುತ್ತಾರೆ. ಇದಕ್ಕೂ ಈ ವಿಭಾಗದಲ್ಲಿ ಉತ್ತರ ಲಭ್ಯವಿಲ್ಲ. ಆದುದರಿಂದ ಪತ್ರ ಅವರಲ್ಲೇ ಉಳಿಯತಕ್ಕದ್ದು. ಅದರಲ್ಲಿನ ‘ಶೂನ್ಯ ಸೇವನೆ ಸಾಧಿಸಿ’ ಎಂಬ ಪದಗಳನ್ನು ಹೊಡೆದುಹಾಕಲು ಮಾತ್ರ ಅವರು ಅನುಮತಿ ನೀಡಿದ್ದು, ಹೊಡೆದ ಜಾಗದಲ್ಲಿ ಏನು ಬರೆಯಬೇಕೆಂದು ಇಪ್ಪತ್ತೆರಡು ವರ್ಷ ಅನುಭವವಿರುವ ಮುಖ್ಯಸ್ಥರಿಗೆ ಈ ಹೊತ್ತಿನವರೆಗೂ ತೋಚಿರುವುದಿಲ್ಲ. ಸದ್ಯಕ್ಕೆ ಜಾಗ ಖಾಲಿ ಬಿಡಲಾಗಿದೆ.

೧೨. ಈ ಸುತ್ತೋಲೆಯಲ್ಲಿ ಹೇಳದೆ ಉಳಿದ ವಿಷಯಗಳನ್ನು ಮುಂದೆ ಸುತ್ತೋಲೆ ಹೊರಡಿಸದೆ, ಊಟಕ್ಕೆ ಕೂತಾಗ ಬಾಯಿಮಾತಿನಲ್ಲಿ ಇತ್ಯರ್ಥಪಡಿಸಲಾಗುವುದು.

(ಸಹಿ)
ಮುಖ್ಯಸ್ಥರು ಹಾಗೂ ಮಗ
ದಿನಸಿ ನಿಯಂತ್ರಣ ವಿಭಾಗ

ಪ್ರತಿಗಳು:
೧. ಪತ್ನಿ, ಮೇಲ್ಮನವಿ ಪ್ರಾಧಿಕಾರ: ಮಾಹಿತಿಗಾಗಿ. ಮಾಹಿತಿ ಅವರಿಂದಲೇ ಬಂದಿರುತ್ತದೆ.
೨. ಮಗಳು: ರಿಜಿಸ್ಟರಿಗೆ ಅಂಟಿಸಲು. ಹಾಲು ಮತ್ತು ಬ್ರೆಡ್ಡನ್ನು ಇನ್ನು ಮುಂದೆ ಒಂದೇ ಪುಟದಲ್ಲಿ ಬರೆಯತಕ್ಕದ್ದು.
೩. ಭಾವಮೈದುನ: ಏಳನೇ ಮೊಟ್ಟೆಯ ಬಗ್ಗೆ ತುರ್ತು ಕ್ರಮಕ್ಕಾಗಿ. ವಾಸನೆ ಬರುತ್ತಿದೆ.
೪. ಅಂಗಡಿಯಾತ: ದಿನಕ್ಕೆ ಒಂದೂವರೆ ಲೋಟ ಹಾಲು ಹೆಚ್ಚಿಗೆ ಬೇಕಾಗಿರುವ ಬಗ್ಗೆ. ಕನಿಕರ ತೋರಿಸಲು ಈ ಬಾರಿ ಆತನ ಸರದಿ.
೫. ಅಮ್ಮ: ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಅಡಕ: ಹಾಲು, ಒಂದು ಲೋಟ, ಬೆಚ್ಚಗೆ, ಬ್ರೆಡ್, ಎರಡು ಚೂರು. ಖಾಲಿ ಲೋಟವನ್ನೇ ಸ್ವೀಕೃತಿ ಎಂದು ಪರಿಗಣಿಸಲಾಗುವುದು. ಅದು ಕೈಸೇರುವವರೆಗೂ ಮುಖ್ಯಸ್ಥರು ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ.